ಕಾರ್ಡಿನಲ್ಲಿ ಬರೆದ ಕೆಲಸ

ಆ ಸೋಮವಾರ ಬೆಳಿಗ್ಗೆ ಆಳಂದದ ದಾಲ್ ಮಿಲ್ಲಿನ ಗೇಟಿನಲ್ಲಿ ಸುಪರ್‌ವೈಸರ್ ಜಗದೇವ ಹೊಸ ಕಾರ್ಡುಗಳನ್ನು ಹಂಚುತ್ತಿದ್ದ. ಕೊರಳಿಗೆ ಹಾಕಿಕೊಳ್ಳಲು ನೀಲಿ ಪಟ್ಟಿ, ಪ್ಲಾಸ್ಟಿಕ್ ಕವರು, ಒಳಗೊಂದು ಫೋಟೊ. ಹೆಂಗಸರೆಲ್ಲ ಮೊದಲು ತಂತಮ್ಮ ಮುಖ ನೋಡಿಕೊಂಡು ನಕ್ಕರು. ನಜಮುನ್ನಿಸಾ ತನ್ನ ಕಾರ್ಡನ್ನು ಬೆಳಕಿಗೆ ಹಿಡಿದು, "ಯಾ ಅಲ್ಲಾ, ಥೇಟ್ ಕಳ್ಳಿ ಹಂಗ ತಗದಾರ ನೋಡ್ರಿ ನನ್ನ" ಎಂದಳು.

ಶಿವಕಾಂತಾ ಮಾತ್ರ ಫೋಟೊದ ಕೆಳಗಿನ ಸಾಲನ್ನು ಓದಿದಳು. ಏಳನೆಯ ತರಗತಿಯವರೆಗೆ ಶಾಲೆಗೆ ಹೋದವಳು ಅವಳು. ಮತ್ತೊಮ್ಮೆ ಓದಿ, ಕಾರ್ಡನ್ನು ಜಗದೇವನ ಕೈಗೇ ವಾಪಸು ಕೊಟ್ಟಳು.

"ಜಗದೇವಣ್ಣ, ಇದರಾಗ ಸ್ವಚ್ಛತಾ ಕೆಲಸಗಾರ್ತಿ ಅಂತ ಬರದದ. ಇದು ನಂದಲ್ಲ."

"ನಿಂದೇ ಅದ ಬೇ. ಫೋಟೊ ನಿಂದಲ್ಲೇನು?"

"ಫೋಟೊ ನಂದು. ಕೆಲಸ ನಂದಲ್ಲ."

ಅವಳ ಕೆಲಸ ಬೇಳೆ ಆರಿಸುವುದು. ತೊಗರಿ ಒಡೆದು ಬೇಳೆಯಾಗಿ ಯಂತ್ರದ ಉದ್ದನೆಯ ರಬ್ಬರ್ ಪಟ್ಟಿಯ ಮೇಲೆ ಹರಿದು ಬರುತ್ತದೆ. ಎರಡೂ ಕಡೆ ಕುಳಿತ ಹೆಂಗಸರು ಕಲ್ಲು, ಕರಿ ಕಾಳು, ಸಿಪ್ಪೆ ಬಿಡದ ಕಾಳುಗಳನ್ನು ಹೆಕ್ಕಿ ತೆಗೆಯುತ್ತಾರೆ. ಕಲಬುರಗಿಯ ದೊಡ್ಡ ಗಿರಣಿಗಳಲ್ಲಿ ಅದಕ್ಕೆ ಯಂತ್ರ ಬಂದಿದೆ. ಈ ಗಿರಣಿಯಲ್ಲಿ ಇನ್ನೂ ಹೆಂಗಸರ ಕಣ್ಣು, ಹೆಂಗಸರ ಕೈ. ಎರಡನೆಯ ಮಗಳು ಹುಟ್ಟಿದ ವರ್ಷದಿಂದ ಶಿವಕಾಂತಾ ಆ ಪಟ್ಟಿಯ ಪಕ್ಕ ಕುಳಿತಿದ್ದಳು. ಈಗ ಆ ಮಗಳು ಕಾಲೇಜಿಗೆ ಹೋಗುತ್ತಿದ್ದಳು.

ಗಲಾಟೆ ಕೇಳಿ ನಿಂಬೆವ್ವ ಒಳಗಿಂದ ಬಂದಳು. ಈ ಹೆಂಗಸರನ್ನೆಲ್ಲ ಗಿರಣಿಗೆ ತಂದು ಹಚ್ಚಿದ ಮುಕಾದಮಳು ಅವಳೇ. ಅಫಜಲಪುರ ಕಡೆಯವಳು. ಒಂದು ಕಾಲಕ್ಕೆ ತಾನೂ ಬೇಳೆ ಆರಿಸಿದವಳು. ಆಮೇಲೆ ಹಿರಿಯ ಸಾವಕಾರರು ಆಳು ತರುವ ಗುತ್ತಿಗೆಯನ್ನು ಅವಳಿಗೆ ವಹಿಸಿದರು. ಎಲ್ಲರ ಪಗಾರವೂ ಅವಳ ಕೈಯಿಂದಲೇ ಬರುತ್ತಿತ್ತು, ಬರುವಾಗ ಒಂದಿಷ್ಟು ಅವಳ ಕೈಯಲ್ಲೇ ಉಳಿಯುತ್ತಿತ್ತು. ಎದುರಿಗೆ ಎಲ್ಲರೂ ಅಕ್ಕಾ ಎನ್ನುತ್ತಿದ್ದರು. ಬೆನ್ನ ಹಿಂದೆ ಅನ್ನುತ್ತಿದ್ದದ್ದು ಬೇರೆ.

"ಹೊಸ ಕಾನೂನು ಬಂದದ್ರವ್ವಾ," ಎಂದಳು ನಿಂಬೆವ್ವ. "ಗಿರಣಿ ಮುಖ್ಯ ಕೆಲಸಕ್ಕ ಗುತ್ತಿಗಿ ಆಳು ಹಚ್ಚಬಾರದಂತ. ಕಸ ಹೊಡಿಯೋದು, ಲಾರಿ ತುಂಬೋದು, ಕಾವಲು ಕಾಯೋದು, ಇಂಥಾದಕ್ಕ ನಡೀತದಂತ. ಅದಕ್ಕ ಸಾವಕಾರ್ರು ಹೀಂಗ ಬರಸ್ಯಾರ. ಕೆಲಸ ಅದೇ, ಪಗಾರ ಅದೇ. ಸುಮ್ನ ಕೊರಳಾಗ ಹಾಕ್ಕೊಂಡು ನಡೀರಿ."

"ಅಂದ್ರ ಕಾನೂನು ಪ್ರಕಾರ ನಾವು ಗಿರಣಿ ಆಳಾಗಬೇಕಿತ್ತು," ಎಂದಳು ಶಿವಕಾಂತಾ. "ಆಗಬಾರದಂತ ನಮ್ಮ ಕೆಲಸದ ಹೆಸರೇ ತಗದ್ರಿ. ಹೌದಿಲ್ಲ?"

ನಗುತ್ತಿದ್ದವರು ನಗು ನಿಲ್ಲಿಸಿದರು. ಒಬ್ಬೊಬ್ಬರಾಗಿ ಕಾರ್ಡಿನ ಪಟ್ಟಿಯನ್ನು ಕೊರಳಿನಿಂದ ತೆಗೆದರು.

ಅಷ್ಟರಲ್ಲಿ ಅನೀಲಕುಮಾರನ ಕಾರು ಬಂತು. ತಂದೆ ಶಾಂತಲಿಂಗಪ್ಪ ತೀರಿಕೊಂಡ ಮೇಲೆ ಗಿರಣಿ ನೋಡಿಕೊಳ್ಳುತ್ತಿದ್ದವನು ಅವನೇ. ಕೆಟ್ಟ ಮನುಷ್ಯನಲ್ಲ. ಹೆಂಗಸರ ಮಕ್ಕಳ ಹೆಸರು ಗೊತ್ತಿತ್ತು, ಹಬ್ಬಕ್ಕೆ ಸೀರೆ ಕೊಡುತ್ತಿದ್ದ. ಆದರೆ ಹೈದರಾಬಾದಿನ ಖರೀದಿದಾರರು ಈ ಸಲ ಕಾಗದಪತ್ರ ಸರಿ ಇಲ್ಲದ ಗಿರಣಿಯ ಬೇಳೆ ಬೇಡ ಎಂದಿದ್ದರು. ಎಲ್ಲರನ್ನೂ ಕಾಯಂ ತೆಗೆದುಕೊಂಡರೆ ಸುಗ್ಗಿ ಮುಗಿದ ಮೇಲೆ ಏನು ಮಾಡಲಿ ಎಂಬುದು ಅವನ ಚಿಂತೆ. ಜೇವರ್ಗಿಯ ಒಬ್ಬ ಗಿರಣಿಯವನು ಅವನಿಗೆ ಈ ಉಪಾಯ ಹೇಳಿಕೊಟ್ಟಿದ್ದ.

"ಶಿವಕಾಂತಾಬಾಯಿ, ಇದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ?" ಎಂದ. "ಬ್ಯಾಳಿ ಆರಿಸೋದಕ್ಕ ನೀವೇ ಏನಂತೀರಿ? ಹಸನ ಮಾಡೋದು ಅಂತೀರಿ. ಹಸನ ಮಾಡೋದಂದ್ರೂ ಸ್ವಚ್ಛ ಮಾಡೋದೇ ಅಲ್ಲೇನು? ಸುಳ್ಳೇನು ಬರಸಿಲ್ಲ ನಾನು."

ಕೆಲವರಿಗೆ ಹೌದೆನಿಸಿತು. ಶಿವಕಾಂತಾ ಗೇಟಿನ ಮೇಲಿನ ಬೋರ್ಡಿನತ್ತ ಕೈ ತೋರಿಸಿದಳು.

"ಹಂಗಾದ್ರ ಗಿರಣಿ ಬೋರ್ಡ್ ಮ್ಯಾಲೂ ಕಸದ ಗಿರಣಿ ಅಂತ ಬರಸ್ರಿ ಸಾವಕಾರ್ರ. ನಾವು ಹಸನ ಮಾಡೋದು ಕಸ ಆದ್ರ ನೀವು ಮಾರೋದೂ ಅದೇ ಆಗಬೇಕಲ್ರಿ."

ನಜಮುನ್ನಿಸಾ ಗಟ್ಟಿಯಾಗಿ ನಕ್ಕಳು. ಅನೀಲಕುಮಾರನ ಮುಖ ಕೆಂಪಾಯಿತು.

"ಕಸ ಹೊಡಿಯೋದು ಕೀಳು ಅಂತ ಅಲ್ರಿ," ಶಿವಕಾಂತಾ ದನಿ ತಗ್ಗಿಸಿದಳು. "ಮಾಡೋರು ಮಾಡ್ತಾರ, ಅವರಿಗೂ ಮಾನ ಅದ. ನಾವು ಮಾಡದ ಕೆಲಸ ನಮ್ಮ ಕೊರಳಾಗ ಯಾಕ? ಗೌರಾಬಾಯಿಗಿ ಏನಾತು, ನೀವೇ ನೋಡೀರಿ."

ಗೌರಾಬಾಯಿಯ ಹೆಸರು ಬಂದಾಗ ಎಲ್ಲರೂ ನೆಲ ನೋಡಿದರು. ಹೋದ ವರ್ಷ ಅವಳ ಸೆರಗು ಪಟ್ಟಿಯ ಗಾಲಿಗೆ ಸಿಕ್ಕಿತ್ತು. ಬಲಗೈ ಮೊಣಕೈಯ ತನಕ ಒಳಗೆ ಹೋಗಿತ್ತು. ಪರಿಹಾರ ಕೇಳಿದರೆ ಗಿರಣಿಯವರು ಅವಳು ನಿಂಬೆವ್ವನ ಆಳು ಎಂದರು. ನಿಂಬೆವ್ವ, ಆದದ್ದು ಗಿರಣಿಯೊಳಗೆ, ನನಗೇನು ಕೇಳುತ್ತೀರಿ ಎಂದಳು. ಗೌರಾಬಾಯಿ ಬಗ್ಗದ ಕೈ ಹೊತ್ತು ನರೋಣಾದ ಮನೆಯಲ್ಲಿ ಕುಳಿತಳು.

"ಅದು ಆಗಿ ಹೋದ ಮಾತು," ಎಂದ ಅನೀಲಕುಮಾರ. "ಕಾರ್ಡ್ ಹಾಕ್ಕೊಳ್ಳೋರು ಒಳಗ ಬರ್ರಿ. ಇಲ್ಲಂದ್ರ ಮನಿಗಿ ಹೋಗ್ರಿ."

ಅಂದು ಯಾರೂ ಮನೆಗೆ ಹೋಗಲಿಲ್ಲ. ಕಾರ್ಡು ಹಾಕಿಕೊಂಡೇ ಒಳಗೆ ಹೋದರು. ಶಿವಕಾಂತಾಳೂ ಹಾಕಿಕೊಂಡಳು. ಇಡೀ ದಿನ ಬೇಳೆ ಆರಿಸುವಾಗ ಆ ಪ್ಲಾಸ್ಟಿಕ್ ತುಂಡು ಅವಳ ಎದೆಗೆ ಬಡಿಯುತ್ತಲೇ ಇತ್ತು.

ಸಂಜೆ ಮನೆಯಲ್ಲಿ ಗಂಡ ಗುರುಪಾದ ರೊಟ್ಟಿ ಮುರಿಯುತ್ತ ಎಲ್ಲ ಕೇಳಿಸಿಕೊಂಡ. ಅವನು ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದ.

"ಹೆಸರಿನಾಗ ಏನದ ಬೇ? ಕೆಲಸ ಕೊಟ್ಟಾರಲ್ಲ, ಸಾಕು."

"ನಿನ್ನ ಬಿಲ್ಲೆ ಮ್ಯಾಲೆ ಹಮಾಲ ಅಂತ ಅದಲ್ಲ. ಅದನ್ನ ತಗದು ನಾಳೆ ಚಾ ಮಾರಾವ ಅಂತ ಬರದ್ರ ಸುಮ್ನಿರ್ತಿಯೇನು?"

ಗುರುಪಾದ ರೊಟ್ಟಿ ಕೈಯಲ್ಲಿ ಹಿಡಿದೇ ಯೋಚಿಸಿದ. "ಸುಮ್ನಿರಂಗಿಲ್ಲ," ಎಂದ. "ಆ ಚಾ ಮಾರಾವ ನಾನಾದ್ರ ಚೀಲ ಎತ್ತೋದು ನನ್ನ ಕೆಲಸ ಅಲ್ಲ, ಎತ್ತಂಗಿಲ್ಲ ಅಂತೇನಿ."

ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವನಿಗೇ ತಿಳಿಯಿತು. ಶಿವಕಾಂತಾ ಅವನ ಮುಖ ನೋಡುತ್ತ ಕುಳಿತಿದ್ದಳು. ಆಮೇಲೆ ಎದ್ದು, ಸೆರಗು ಸಿಕ್ಕಿಸಿಕೊಂಡು, ನಜಮುನ್ನಿಸಾಳ ಮನೆಗೆ ಹೋದಳು. ಅಲ್ಲಿಂದ ಇಬ್ಬರೂ ಕೂಡಿ ಉಳಿದವರ ಮನೆಗಳಿಗೆ ಹೋದರು.

ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಹೊತ್ತಿಗೆ ಸರಿಯಾಗಿ ಗಿರಣಿಗೆ ಬಂದರು. ಎಲ್ಲರ ಕೊರಳಲ್ಲೂ ಕಾರ್ಡು ಇತ್ತು, ಎಲ್ಲರ ಕೈಯಲ್ಲೂ ಮನೆಯಿಂದ ತಂದ ಕಸಬರಿಗೆ ಇತ್ತು. ಜಗದೇವ ಯಂತ್ರ ಚಾಲೂ ಮಾಡಿದ. ಬೇಳೆ ಪಟ್ಟಿಯ ಮೇಲೆ ಹರಿಯತೊಡಗಿತು. ಯಾರೂ ಪಟ್ಟಿಯ ಹತ್ತಿರ ಹೋಗಲಿಲ್ಲ. ಒಬ್ಬರು ಗೋದಾಮಿನ ಮೂಲೆ ಹಿಡಿದರು, ಇನ್ನೊಬ್ಬರು ಮೆಟ್ಟಿಲು ಹಿಡಿದರು. ಶಿವಕಾಂತಾ ಅಂಗಳ ಗುಡಿಸತೊಡಗಿದಳು.

"ಏ, ಏನ್ ಮಾಡಾಕತ್ತೀರಿ?" ಜಗದೇವ ಕೂಗಿದ. "ಬ್ಯಾಳಿ ಹಂಗೇ ಹೊಂಟದ! ಕೂಡ್ರಿ, ಕೂಡ್ರಿ!"

ನಜಮುನ್ನಿಸಾ ಕಾರ್ಡನ್ನು ಅವನ ಮೂಗಿನ ತನಕ ಎತ್ತಿ ಹಿಡಿದಳು. "ಓದು ಜಗದೇವಣ್ಣ. ಬ್ಯಾಳಿ ಮುಟ್ಟಿದ್ರ ಕಾನೂನು ಮುರದಂಗ ಆಗ್ತದ. ಸಾವಕಾರ್ರಿಗಿ ತ್ರಾಸ ಆಗಬಾರದಲ್ಲ?"

ಅಂದು ಆ ಗಿರಣಿ ಕಟ್ಟಿದಂದಿನಿಂದ ಎಂದೂ ಕಾಣದಷ್ಟು ಸ್ವಚ್ಛವಾಯಿತು. ಜೇಡರ ಬಲೆ ಹೋಯಿತು. ತೂಕದ ಯಂತ್ರದ ಕೆಳಗಿನ ವರ್ಷಗಳ ಧೂಳು ಹೋಯಿತು. ಅನೀಲಕುಮಾರನ ಆಫೀಸಿಗೆ ಹೋಗಿ, "ಕಾಲು ಎತ್ರಿ ಸಾವಕಾರ್ರ" ಎಂದು ಅವನ ಕುರ್ಚಿಯ ಕೆಳಗೂ ಗುಡಿಸಿದರು. ಅವನು ಕಾಲು ಎತ್ತಿದ. ಎತ್ತಿದ ಮೇಲೆ ಸಿಟ್ಟು ಬಂತು.

ಇತ್ತ ಕಲ್ಲು, ಕರಿಕಾಳು ಎಲ್ಲ ಕೂಡಿದ ಬೇಳೆ ರಾಶಿಯಾಗಿ ಬಿತ್ತು. ಮಧ್ಯಾಹ್ನ ಯಂತ್ರ ನಿಲ್ಲಿಸಬೇಕಾಯಿತು. ಹೊಸ ತೊಗರಿ ಹೇರಿಕೊಂಡು ಬಂದ ಲಾರಿಗಳು ಗೇಟಿನ ಹೊರಗೆ ನಿಂತವು. ಅವುಗಳ ಡ್ರೈವರುಗಳು ಕೆಳಗಿಳಿದು, ಹೆಂಗಸರು ಡಾಂಬರು ರಸ್ತೆಯನ್ನೂ ಗುಡಿಸುವುದನ್ನು ನೋಡುತ್ತ ಬೀಡಿ ಸೇದಿದರು.

ಅದೇ ಆಟ ಮರುದಿನವೂ ನಡೆಯಿತು. ಗುಡಿಸಲು ಏನೂ ಉಳಿದಿರಲಿಲ್ಲ. ಗುಡಿಸಿದ್ದನ್ನೇ ಗುಡಿಸಿದರು. ಹೆದರಿಕೆ ಇರಲಿಲ್ಲವೆಂದಲ್ಲ. ಒಬ್ಬಳು ಹುಡುಗಿ ಅಳುತ್ತ, ನನ್ನ ಅತ್ತಿ ಹೊಡೀತಾಳ, ನಾ ಬ್ಯಾಳಿ ಆರಿಸ್ತೇನಿ ಎಂದಳು. ಶಿವಕಾಂತಾ ತಡೆಯಲಿಲ್ಲ. ಆ ಹುಡುಗಿ ಪಟ್ಟಿಯ ಹತ್ತಿರ ಹೋಗಿ ಒಬ್ಬಳೇ ಕುಳಿತಳು. ಸುತ್ತ ಖಾಲಿ ಮಣೆಗಳನ್ನು ನೋಡಿ ಎದ್ದು ಬಂದು ಮತ್ತೆ ಕಸಬರಿಗೆ ಹಿಡಿದಳು.

ಅನೀಲಕುಮಾರ ನಿಂಬೆವ್ವನನ್ನು ಆಫೀಸಿಗೆ ಕರೆಸಿದ.

"ನಿಮ್ಮ ಅಫಜಲಪುರ ಕಡಿಂದ ಬ್ಯಾರೆ ಹೆಂಗಸರನ್ನ ತರ್ರಿ. ನಾಳೆ ಟೆಂಪೊ ಕಳಿಸ್ತೇನಿ. ಕಾರ್ಡ್ ಅವರಿಗಿ ಕೊಡ್ತೇನಿ."

"ಇಷ್ಟು ವರ್ಷದ ಮಂದಿರಿ ಇವರು."

"ನಿಮ್ಮ ಮಂದಿ. ನಂದಲ್ಲ. ಸರಕಾರದ ಸಾಹೇಬರು ಬಂದು ಕೇಳಿದ್ರೂ ನಾ ಇದೇ ಹೇಳ್ತೇನಿ. ಇಲ್ಲಿತನಕ ಆದದ್ದೆಲ್ಲ ಗುತ್ತೇದಾರಳ ಜವಾಬ್ದಾರಿ. ಗೌರಾಬಾಯಿ ವಿಷಯನೂ ನಿಮ್ಮ ಮ್ಯಾಲೇ ಬರ್ತದ ನಿಂಬೆವ್ವ. ಜರಾ ವಿಚಾರ ಮಾಡ್ರಿ."

ನಿಂಬೆವ್ವ ಹೊರಗೆ ಬಂದು ಗೇಟಿನ ಬೇವಿನ ಮರದ ಕೆಳಗೆ ನಿಂತಳು. ಹಿರಿಯ ಸಾವಕಾರರ ಕಾಲದಿಂದ ಈ ಗಿರಣಿಯನ್ನು ತನ್ನದೇ ಎಂದುಕೊಂಡವಳು ಅವಳು. ಹೆಂಗಸರನ್ನು ಬೈದದ್ದು, ಹೊತ್ತು ಮೀರಿ ದುಡಿಸಿದ್ದು, ಅವರ ಪಗಾರದಲ್ಲಿ ಮುರಿದುಕೊಂಡದ್ದು ಎಲ್ಲವೂ ಗಿರಣಿಯ ಕಡೆ ನಿಂತೇ. ಈಗ ಗಿರಣಿ ಅವಳ ಕಡೆ ಇಲ್ಲ. ಒಬ್ಬ ಡ್ರೈವರು, "ಯಾಕಬೇ ಮುದುಕಿ, ನಿನಗ ಕಸಬರಗಿ ಸಿಗಲಿಲ್ಲೇನು?" ಎಂದು ನಕ್ಕ. ನಿಂಬೆವ್ವ ಅವನನ್ನು ನೋಡಿದಳು. ಬೇವಿನ ಬುಡಕ್ಕೆ ಒರಗಿಸಿಟ್ಟಿದ್ದ ಒಂದು ಕಸಬರಿಗೆ ಎತ್ತಿಕೊಂಡು, ಸೀದಾ ಹೆಂಗಸರ ನಡುವೆ ಬಂದು ಗುಡಿಸತೊಡಗಿದಳು.

ನಜಮುನ್ನಿಸಾ ಪಕ್ಕಕ್ಕೆ ಸರಿದು ನಿಂತಳು.

"ಟೆಂಪೊ ಬರಂಗಿಲ್ಲ," ಎಂದಳು ನಿಂಬೆವ್ವ ನೆಲ ನೋಡುತ್ತಲೇ. "ನಾ ಯಾರನ್ನೂ ತರಂಗಿಲ್ಲ."

ಆ ಸಂಜೆ ಅನೀಲಕುಮಾರ ಅಂಗಳಕ್ಕೆ ಬಂದ. ಎರಡು ದಿನಕ್ಕೇ ಅವನ ಕಣ್ಣು ಗುಳಿ ಬಿದ್ದಿದ್ದವು. ಹೈದರಾಬಾದಿನಿಂದ ಫೋನಿನ ಮೇಲೆ ಫೋನು ಬರುತ್ತಿತ್ತು.

"ಆತು. ಎಲ್ಲಾರ ಹೆಸರೂ ಗಿರಣಿ ಹಾಜರಿ ಪಟ್ಟಿಗಿ ಹಚ್ತೇನಿ. ಬ್ಯಾಳಿ ಆರಿಸೋರು ಅಂತೇ ಬರಸ್ತೇನಿ. ಆದ್ರ ನಿಂಬೆವ್ವ ಬ್ಯಾಡ. ಆಕಿ ಇನ್ನ ಗೇಟ್ ಒಳಗ ಕಾಲಿಡಬಾರದು. ನಾಳೆ ಮುಂಜಾನಿ ಹೇಳ್ರಿ."

ಅವನು ಹೋದ ಮೇಲೆ ಹೆಂಗಸರ ನಡುವೆ ಜಗಳವೇ ಆಯಿತು. ಗೆದ್ದೆವು ಎಂದು ಕೆಲವರು ಕುಣಿದರು. "ಆಕಿ ಹೋದ್ರ ಪೀಡೆ ಹೋದಂಗ," ಎಂದಳು ನಜಮುನ್ನಿಸಾ. "ನನ್ನ ಮಗಗ ಜ್ವರ ಬಂದಾಗ ಒಂದ್ ದಿನ ಬಿಡು ಅಂದ್ರ ಕೆಲಸಕ್ಕ ಬರಬ್ಯಾಡ ಅಂದಾಕಿ ಆಕಿ. ಈಗ ಒಂದ್ ತಾಸು ಕಸ ಹೊಡದ್ರ ಎಲ್ಲಾ ಮಾಫೇನು?" ನಿಂಬೆವ್ವ ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ಮನೆಯ ದಾರಿ ಹಿಡಿದಳು.

ಶಿವಕಾಂತಾಳಿಗೂ ನಿಂಬೆವ್ವನ ಮೇಲೆ ಕನಿಕರವಿರಲಿಲ್ಲ. ಆದರೂ ಏನೋ ಸರಿಯಿಲ್ಲ ಅನಿಸುತ್ತಿತ್ತು. ಮಾಲೀಕ ಇಷ್ಟು ಬೇಗ ಒಪ್ಪಿದ್ದು, ಒಪ್ಪಿ ಒಬ್ಬಳನ್ನು ಮಾತ್ರ ಹೊರಗಿಟ್ಟದ್ದು ಯಾಕೆ? ಅವಳು ನರೋಣಾದ ಬಸ್ಸು ಹತ್ತಿದಳು.

ಗೌರಾಬಾಯಿ ಬಾಗಿಲಲ್ಲಿ ಕುಳಿತು ಎಡಗೈಯಿಂದ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಕಸಬರಿಗೆಯ ಕತೆ ಕೇಳಿ ಮೈ ಕುಲುಕಿಸಿ ನಕ್ಕಳು. ನಿಂಬೆವ್ವನ ಮಾತು ಬಂದಾಗ ನಗು ನಿಂತಿತು.

"ನೀ ಹೇಳಕ್ಕಾ," ಎಂದಳು ಶಿವಕಾಂತಾ. "ಎಲ್ಲಾರಕಿಂತ ಹೆಚ್ಚು ನಿನಗ ಮಾಡ್ಯಾಳ ಆಕಿ. ನೀ ಬ್ಯಾಡ ಅಂದ್ರ ಬ್ಯಾಡ."

"ಉಳಿದೋರು ಊಟಕ್ಕ ಎದ್ದಿದ್ರು. ನನ್ನ ಕೈ ಪಟ್ಟಿಯೊಳಗ ಸಿಕ್ಕಾಗ ಎದುರಿಗಿ ನಿಂತು ನೋಡಿದಾಕಿ ಆಕಿ ಒಬ್ಬಾಕಿ. ಯಂತ್ರ ಬಂದ್ ಮಾಡಿದಾಕಿನೂ ಆಕಿನೇ. ಆಮ್ಯಾಲೆ ಬಾಯಿ ಮುಚ್ಚಿದ್ಳು." ಗೌರಾಬಾಯಿ ಮೆಣಸಿನಕಾಯಿಯ ಮೊರ ಬದಿಗೆ ಸರಿಸಿದಳು. "ಆಕಿನ್ನ ಹೊರಗ ಹಾಕಿದ್ರ ಸಾವಕಾರ ಹಳೀದೆಲ್ಲಾ ಆಕಿ ತಲಿಗಿ ಕಟ್ಟಿ ಕೈ ತೊಳಕೋತಾನ. ನಂದೂ ಅದರಾಗೇ ಹೋಗ್ತದ. ಆಕಿ ಒಳಗಿರಲಿ. ನಾ ಆಕಿನ್ನ ಮಾಫ್ ಮಾಡಾಕತ್ತಿಲ್ಲ, ತಿಳೀತಾ? ಒಳಗಿರಲಿ ಅಂತ ಹೇಳಾಕತ್ತೇನಿ. ಮತ್ತ ನನ್ನ ಹೆಸರೂ ಕೇಳ್ರಿ. ಕೈ ಹೋಗ್ಯದ, ಕಣ್ಣು ಹೋಗಿಲ್ಲ."

ಬೆಳಿಗ್ಗೆ ಗೇಟಿನಲ್ಲಿ ಶಿವಕಾಂತಾ ಈ ಮಾತನ್ನು ಇದ್ದದ್ದು ಇದ್ದಂತೆ ಎಲ್ಲರಿಗೂ ಹೇಳಿದಳು. ಬಹಳ ಹೊತ್ತು ಗುಜುಗುಜು ನಡೆಯಿತು. ಕೊನೆಗೆ ನಜಮುನ್ನಿಸಾ ತನ್ನ ಕಸಬರಿಗೆಯನ್ನು ನೆಲಕ್ಕೆ ಕುಟ್ಟಿ, "ಗೌರಕ್ಕ ಹೇಳಿದ್ರ ಆತು. ಆದ್ರ ನಿಂಬೆವ್ವಗ ನಾ ಅಕ್ಕಾ ಅನ್ನಂಗಿಲ್ಲ" ಎಂದಳು.

ಅನೀಲಕುಮಾರನ ಆಫೀಸಿನಲ್ಲಿ ಎಲ್ಲರ ಪರವಾಗಿ ಶಿವಕಾಂತಾ ಒಬ್ಬಳೇ ಮಾತಾಡಿದಳು. "ಎಲ್ಲಾರೂ ಅಂದ್ರ ಎಲ್ಲಾರೂ ಸಾವಕಾರ್ರ. ನಿಂಬೆವ್ವನೂ ಆರಿಸೋಕಿ ಅಂತ ಬರಬೇಕು. ಗೌರಾಬಾಯಿನೂ ಬರಬೇಕು."

"ಕೈ ಬಗ್ಗದಾಕಿ ಏನ್ ಆರಿಸ್ತಾಳ?"

"ಯಾರ ಗಿರಣಿಯಾಗ ಹೋತ್ರಿ ಆ ಕೈ?"

ಅವನು ಮೇಜು ಬಡಿದ. "ನಮ್ಮಪ್ಪನ ಕಾಲದಾಗ ನೀವು ಹೀಂಗ ಬಾಯಿ ತೆರದಿದ್ದಿಲ್ಲ. ಸಣ್ಣ ಗಿರಣಿ ಇದು, ನನಗೂ ಮನಿ ಅದ. ಬಾಗಲಾ ಮುಚ್ಚಿ ಕೀಲಿ ಹಾಕ್ತೇನಿ!"

"ಹಾಕ್ರಿ. ಕೀಲಿ ಹಾಕಿದ್ರ ಬಾಗಲಾ ಮುಂದ ಕಸ ಹೊಡೀತೇವಿ. ಹೊಡಿಯೋದು ಈಗ ರೂಢಿ ಆಗ್ಯದ."

ಹೊರಗೆ ಲಾರಿಯವನೊಬ್ಬ ಹಾರ್ನು ಬಾರಿಸಿದ. ಹಿಂದಿನವನೂ ಬಾರಿಸಿದ. ಅನೀಲಕುಮಾರ ಕಿಟಕಿಯಿಂದ ನೋಡಿದ. ಅಂಗಳದಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು, ಯಾರೂ ಅತ್ತಿತ್ತ ಸರಿಯಲಿಲ್ಲ. ಅವನು ಕುರ್ಚಿಯಲ್ಲಿ ಕುಸಿದು, ಜಗದೇವನನ್ನು ಕರೆದು, ಹಂಚಿದ ಕಾರ್ಡುಗಳನ್ನೆಲ್ಲ ವಾಪಸು ತಗೋ ಎಂದ. ಹಾಜರಿ ಪಟ್ಟಿಯಲ್ಲಿ ನಿಂಬೆವ್ವನ ಹೆಸರೂ ಬಂತು. ಗೌರಾಬಾಯಿಯ ವಿಷಯಕ್ಕೆ ಮಾತ್ರ ಅವನು ಬಗ್ಗಲಿಲ್ಲ. "ಅದನ್ನ ಸರಕಾರದವರು ಹೇಳಲಿ. ಹೇಳಿದ್ರ ಕೊಡ್ತೇನಿ" ಎಂದ.

"ಸರಕಾರದವರ ಹಂತೇಕೇ ಹೋಗ್ತೇವಿ," ಎಂದು ಶಿವಕಾಂತಾ ಎದ್ದಳು.

ಯಂತ್ರ ಮತ್ತೆ ಚಾಲೂ ಆಯಿತು. ನಿಂಬೆವ್ವ ಇಷ್ಟು ವರ್ಷಗಳ ಮೇಲೆ ಮಣೆಯ ಮೇಲೆ ಕುಳಿತಳು. ಕಣ್ಣು ಮೊದಲಿನಂತಿರಲಿಲ್ಲ, ಕಲ್ಲುಗಳು ಅವಳನ್ನು ದಾಟಿ ಹೋಗುತ್ತಿದ್ದವು. ಎದುರಿನ ನಜಮುನ್ನಿಸಾ ಅವನ್ನು ಸುಮ್ಮನೆ ಹೆಕ್ಕಿ ತೆಗೆಯುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ.

ಕಾರ್ಮಿಕ ಇಲಾಖೆಗೆ ಹೋಗುವ ದಿನ ಶಿವಕಾಂತಾ ನಿಂಬೆವ್ವನ ಮನೆಗೆ ಹೋದಳು.

"ಗೌರಕ್ಕ ಬಸ್‌ಸ್ಟ್ಯಾಂಡಿನಾಗ ಕುಂತಾಳ. ಕಂಡದ್ದು ಹೇಳಾಕ ನೀ ಬರಬೇಕು."

"ಹೇಳಿದ್ರ ನನ್ನ ತಪ್ಪೂ ಹೇಳಿದಂಗ ಆಗ್ತದಲ್ಲ."

"ಆಗ್ತದ."

ನಿಂಬೆವ್ವ ಗೋಡೆಗೆ ಒರಗಿ ನಿಂತಳು. "ಸಾವಕಾರ ಮತ್ತ ಹೊರಗ ಹಾಕಿದ್ರ?"

"ಹಾಕಿದ್ರ ಮತ್ತ ಗೇಟಿಗಿ ಬರ್ತೇವಿ. ಎಲ್ಲಾರೂ ಬರ್ತೇವಿ. ಆದ್ರ ನೀ ಇವತ್ತು ಬರಲಿಲ್ಲಂದ್ರ ಯಾರೂ ಬರಂಗಿಲ್ಲ."

ನಿಂಬೆವ್ವ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು.

ಕಲಬುರಗಿಯ ಆ ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಮೂವರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದರು, ಗೌರಾಬಾಯಿ ಒಂದು ತುದಿ, ನಿಂಬೆವ್ವ ಇನ್ನೊಂದು ತುದಿ. ಹೆಸರು ಕರೆದಾಗ ಒಳಗೆ ಹೋದರು. ಕನ್ನಡಕದ ಅಧಿಕಾರಿ ತಲೆ ಎತ್ತದೆ ಕೇಳಿದರು:

"ಅಪಘಾತ ಆದಾಗ ಈಕೆ ಯಾರ ಕೈಕೆಳಗೆ ಕೆಲಸ ಮಾಡುತ್ತಿದ್ದಳು?"

ಗೌರಾಬಾಯಿ ಬಾಯಿ ತೆರೆಯುವ ಮೊದಲೇ ನಿಂಬೆವ್ವ ಮುಂದೆ ಬಂದಳು. ದನಿ ಪಕ್ಕದ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿತ್ತು.

"ನನ್ನ ಕೈಕೆಳಗ್ರಿ ಸಾಹೇಬ್ರ. ನಾನು ಸಾವಕಾರ್ರ ಕೈಕೆಳಗ. ಕೈ ಸಿಗಬಾರದಂತ ಗಾಲಿಗಿ ಅಡ್ಡ ಜಾಳಗಿ ಹಾಕಿಸ್ರಿ ಅಂತ ಈಕಿ ನನಗ ಕೇಳಿದ್ಳು, ನಾ ಸಾವಕಾರ್ರಿಗಿ ಹೇಳಿದೆ. ಅವರು ಹಾಕಿಸಲಿಲ್ಲ, ನಾ ಮತ್ತ ಹೇಳಲಿಲ್ಲ. ಬರಕೋರಿ. ಇಬ್ಬರದೂ ಬರಕೋರಿ."

ಅಧಿಕಾರಿ ತಲೆ ಎತ್ತಿದರು. ಪೆನ್ನಿನ ಟೋಪಿ ತೆಗೆದು, ಮೊದಲಿನಿಂದ ಹೇಳಿ ಎಂದರು. ಗೌರಾಬಾಯಿ ಅಲ್ಲಿದ್ದ ಒಂದೇ ಕುರ್ಚಿಯನ್ನು ಎಡಗೈಯಿಂದ ಎಳೆದು ನಿಂಬೆವ್ವನ ಹಿಂದೆ ಇಟ್ಟಳು.

"ಕುಂತು ಹೇಳು," ಎಂದಳು. "ಹೇಳೋದು ಭಾಳ ಅದ."